ನಲಿ-ಕಲಿ ತರಗತಿಯಲ್ಲಿ ಮಗು ಓದೋದು ಕಲಿಯೋದು ಹೇಗೆ? ಕೋಟೆ ತಾಲೂಕಿನ ಪೋಷಕರಿಗೆ ಒಂದು ಮಾಹಿತಿ

ಎಚ್.ಡಿ. ಕೋಟೆ: ಮಗ ಎರಡನೇ ಕ್ಲಾಸಿಗೆ ಬಂದ, ಅ ಆ ಇ ಈ ವರಸೆಯಾಗಿ ಹೇಳು ಅಂದ್ರೆ ಮುಖ ನೋಡ್ತಾನೆ. ಶಾಲೇಲಿ ಬರೀ ಹಾಡು, ಕಾರ್ಡು, ಕುಣಿತ. ಮನೆಗೆ ಹೋಂವರ್ಕ್ ಇಲ್ಲ, ಕೈಯಲ್ಲಿ ಪುಸ್ತಕ ಇಲ್ಲ. ಹೀಗಾದ್ರೆ ಇವನು ಓದೋದು ಯಾವಾಗ?

ಹ್ಯಾಂಡ್‌ಪೋಸ್ಟ್ ಕಡೆಯ ಟೀ ಅಂಗಡಿಯಲ್ಲಿ ನಿಂತರೂ, ಸರಗೂರು ಬಸ್ಸಲ್ಲಿ ಕೂತರೂ ಜೂನ್ ತಿಂಗಳಲ್ಲಿ ಈ ಮಾತು ಕಿವಿಗೆ ಬೀಳದೆ ಇರಲ್ಲ. ಇದೇ ಮಾತಿನ ಮೇಲೆ ಎಷ್ಟೋ ಮನೆಯವರು ಟಿಸಿ ತಗೊಂಡು, ಸಾಲ ಮಾಡಿ, ಮಗುವನ್ನ ಕಾನ್ವೆಂಟ್ ವ್ಯಾನು ಹತ್ತಿಸುತ್ತಾರೆ. ಹತ್ತು ಮಕ್ಕಳು ಹೋದರೆ ಊರಿನ ಶಾಲೆಯಲ್ಲಿ ಒಂದು ಶಿಕ್ಷಕರ ಹುದ್ದೆಯೇ ಅಲುಗಾಡುತ್ತೆ. ಹಾಗಾಗಿ ಇದನ್ನ ಸುಮ್ಮನೆ ಗೊಣಗಾಟ ಅಂತ ತಳ್ಳಿಹಾಕೋಕೆ ಆಗಲ್ಲ. ದೂರಿನಲ್ಲಿ ಅರ್ಧ ತಪ್ಪು ತಿಳುವಳಿಕೆ ಇದೆ, ಇನ್ನರ್ಧ ನಿಜವಾದ ಚಿಂತೆ ಇದೆ. ಯಾವುದು ಯಾವುದು ಅಂತ ಬಿಡಿಸಿ ನೋಡೋಣ.

ಹುಟ್ಟಿದ್ದು ಇದೇ ತಾಲೂಕಿನಲ್ಲಿ

ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯಲ್ಲಿ ನಡೆದುಬಂದಿರುವ ನಲಿ-ಕಲಿ ಪದ್ಧತಿ ಮೊದಲು ಶುರುವಾಗಿದ್ದು ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಗ ಸರಗೂರು ಕೂಡ ಇದೇ ತಾಲೂಕಿನಲ್ಲಿತ್ತು. ಯುನಿಸೆಫ್ ನೆರವು ಇತ್ತು. ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಲಿಸೋದನ್ನ ನೋಡಿ ಬಂದರು. ಬಂದು ಕನ್ನಡಕ್ಕೆ ತಕ್ಕಂತೆ ಕಾರ್ಡುಗಳನ್ನ ತಾವೇ ಕೂತು ತಯಾರಿಸಿದರು. ರಾಜ್ಯ ಮಟ್ಟದಲ್ಲಿ ಇದಕ್ಕೆ ಬೆನ್ನಾಗಿ ನಿಂತವರಲ್ಲಿ ಐಎಎಸ್ ಅಧಿಕಾರಿ ಅನಿತಾ ಕೌಲ್ ಹೆಸರು ಮುಖ್ಯ. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ನಂತರ ಕಾರ್ಡು, ಅಭ್ಯಾಸ ಪುಸ್ತಕ ಎಲ್ಲ ಪರಿಷ್ಕರಣೆ ಆಗಿವೆ, ಆದರೆ ಬುನಾದಿ ಅದೇ.

ಕೋಟೆಯಲ್ಲೇ ಯಾಕೆ ಬೇಕಾಯ್ತು ಅನ್ನೋದಕ್ಕೆ ಈ ಊರಿನವರಿಗೆ ಉತ್ತರ ಹೇಳಬೇಕಾಗಿಲ್ಲ. ಕಾಫಿ ಕೊಯ್ಲು ಬಂತು ಅಂದ್ರೆ ಹಾಡಿಗಳಿಂದ, ಊರುಗಳಿಂದ ಮನೆಮಂದಿಯೆಲ್ಲ ಕೊಡಗಿನ ತೋಟಕ್ಕೆ ಹೊರಡುತ್ತಾರೆ. ಹತ್ತಿ ಬಿಡಿಸೋ ಕಾಲದಲ್ಲಿ ಮನೇಲಿ ಕೂಸು ನೋಡ್ಕೊಳ್ಳೋಕೆ ದೊಡ್ಡ ಮಗು ಉಳಿಯುತ್ತೆ. ಹಳೇ ಪದ್ಧತಿಯಲ್ಲಿ ಮಗು ಒಂದೂವರೆ ತಿಂಗಳು ಬಿಟ್ಟು ಬಂದರೆ ಪಾಠ ಹತ್ತು ಪುಟ ಮುಂದಕ್ಕೆ ಹೋಗಿರುತ್ತಿತ್ತು. ಹಿಂದಿನ ಬೆಂಚಿಗೆ ಸರಿದ ಮಗು ಆಮೇಲೆ ಶಾಲೆಯಿಂದಲೇ ಸರಿಯುತ್ತಿತ್ತು. ನಲಿ-ಕಲಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಇಡೀ ಪದ್ಧತಿಯ ಜೀವ ಇರೋದು ಇಲ್ಲಿ. ಆಟ, ಹಾಡು ಅದರ ಮೇಲಿನ ಬಟ್ಟೆ ಅಷ್ಟೇ.

ಕೋಣೆ ಒಳಗೆ ನಡೆಯೋದೇನು

1, 2 ಮತ್ತು 3ನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆ ಮೇಲೆ 'ಕಲಿಕಾ ಏಣಿ' ಇರುತ್ತೆ. ಒಂದೊಂದು ವಿಷಯವನ್ನ ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನ ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು ಅದರಲ್ಲಿ ಜೋಡಿಸಿದ್ದಾರೆ. ಒಂದೊಂದು ಚಟುವಟಿಕೆಗೆ ಒಂದು ಕಾರ್ಡು, ಕಾರ್ಡಿಗೊಂದು ಗುರುತಿನ ಚಿತ್ರ. ಓದೋಕೆ ಬರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ತಾನೇ ಹುಡುಕಿಕೊಳ್ಳುತ್ತೆ.

ಮಕ್ಕಳು ಕೂರೋ ಗುಂಪಿಗೆ 'ತಟ್ಟೆ' ಅನ್ನುತ್ತಾರೆ. ಒಟ್ಟು ಐದು ತಟ್ಟೆ. ಹೊಸದಾಗಿ ಒಂದು ಅಕ್ಷರ ಕಲಿಯುತ್ತಿರೋ ಮಗು ಟೀಚರ್ ಪಕ್ಕದ ತಟ್ಟೆಯಲ್ಲಿ. ಸ್ವಲ್ಪ ಗೊತ್ತಾದ ಮೇಲೆ ಟೀಚರ್ ಆಗಾಗ ಬಂದು ನೋಡೋ ತಟ್ಟೆಗೆ. ಆಮೇಲೆ ಗೆಳೆಯರ ನೆರವಿನ ತಟ್ಟೆ, ಗೆಳೆಯರ ನೆರವು ಅಷ್ಟಿಷ್ಟು ಇರೋ ತಟ್ಟೆ, ಕೊನೆಗೆ ತಾನೇ ಕಲಿಯೋ ತಟ್ಟೆ. ಹಾಗಾಗಿ ಕಿಟಕಿಯಲ್ಲಿ ಇಣುಕಿದವರಿಗೆ ಟೀಚರ್ ಐದಾರು ಮಕ್ಕಳ ಜೊತೆ ಕೂತಿರೋದು, ಉಳಿದವರು ತಮ್ಮ ಪಾಡಿಗೆ ಗಲಾಟೆ ಮಾಡ್ತಿರೋದು ಕಾಣುತ್ತೆ. ಗಲಾಟೆಯಲ್ಲಿ ಒಂದು ಪಾಲು ಕಲಿಕೆಯೇ. ಎಲ್ಲವೂ ಅಲ್ಲ, ಅದನ್ನೂ ಹೇಳಬೇಕು.

ಮೈಲಿಗಲ್ಲು ಮುಗಿದಾಗ ಮೌಲ್ಯಮಾಪನದ ಕಾರ್ಡು ಬರುತ್ತೆ. ಮಗು ಅದನ್ನ ದಾಟಿದರೆ ಗೋಡೆಯ 'ಪ್ರಗತಿ ನೋಟ'ದಲ್ಲಿ ಹೆಸರಿನ ಎದುರು ಗುರುತು ಬೀಳುತ್ತೆ. ಪೋಷಕರು ಶಾಲೆಗೆ ಹೋದಾಗ ನೋಡಬೇಕಾದ ಒಂದೇ ಒಂದು ವಸ್ತು ಯಾವುದು ಅಂದ್ರೆ ಈ ಪ್ರಗತಿ ನೋಟ.

ಅ ಆ ಇ ಈ ಬಿಟ್ಟು ರ ಗ ಸ ದ ಅ ಯಾಕೆ?

ಹಳಬರಿಗೆ ಕಸಿವಿಸಿ ಆಗೋದು ಇಲ್ಲೇ. ನಾವೆಲ್ಲ ಕಲಿತದ್ದು ಅ ಆ ಇ ಈ. ನಲಿ-ಕಲಿಯಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

ಕಾರಣ ಸರಳ. ವರ್ಣಮಾಲೆಯ ಮೊದಲ ಹದಿಮೂರು ಸ್ವರ ಕಲಿತ ಮಗು ಅಷ್ಟರಲ್ಲೇ ಓದಬಹುದಾದ ಪದ ಯಾವುದಿದೆ? ಹುಡುಕಿದರೂ ಸಿಗಲ್ಲ. ಅದೇ ರ ಗ ಸ ದ ಅ ಐದು ಗೊತ್ತಾದರೆ ಸರ, ದರ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಇನ್ನೈದು ಸೇರಿದರೆ ಮರ, ಜನ, ವನ, ಬಸವ, ಗಮನ. 'ಅರಸನ ಸರ', 'ಬಸವನ ಮರ' ಅಂತ ಎರಡೆರಡು ಪದ ಜೋಡಿಸಿಯೂ ಓದಬಹುದು. ಕಾಗುಣಿತ, ಒತ್ತು ಏನೂ ಬೇಕಾಗಿಲ್ಲ. ಶಾಲೆಗೆ ಬಂದ ಕೆಲವೇ ವಾರದಲ್ಲಿ ಮಗುವಿಗೆ 'ನಾನು ಓದ್ತೀನಿ' ಅನ್ನೋದು ಗೊತ್ತಾಗುತ್ತೆ. ಬರೆಯೋ ಕೈಗೂ ಇದು ಸಲೀಸು. ದುಂಡಗಿನ ರ ತಿದ್ದಿದ ಬೆರಳಿಗೆ ಅ ದೂರದ್ದಲ್ಲ. ಇ, ಈ, ಋ ಬರೆಸಿ ಮೊದಲ ವಾರದಲ್ಲೇ ಮಗುವಿನ ಕಣ್ಣಲ್ಲಿ ನೀರು ತರಿಸಬೇಕಾಗಿಲ್ಲ.

ಹಾಗಂತ ವರ್ಣಮಾಲೆಯ ಕ್ರಮ ಬೇಡವೇ ಬೇಡ ಅಂತಲ್ಲ. ಎಲ್ಲ ಅಕ್ಷರ ಪರಿಚಯ ಆದ ಮೇಲೆ ಅದೂ ಬರುತ್ತೆ. ನಿಘಂಟು ನೋಡೋಕೆ, ಹಾಜರಿ ಪಟ್ಟಿ ಹುಡುಕೋಕೆ ಅದು ಬೇಕು. ಆದರೆ ಅ ಆ ಇ ಈ ಹಾಡಿನ ತರ ಒಪ್ಪಿಸೋದು ಓದೋದಲ್ಲ. ಒಪ್ಪಿಸೋ ಮಗುವಿಗೆ ನಡುವಿನ ಒಂದು ಅಕ್ಷರ ತೋರಿಸಿ ಕೇಳಿ, ಎಷ್ಟೋ ಸಲ ಮತ್ತೆ ಅ ಇಂದ ಎಣಿಸಿಕೊಂಡೇ ಬರುತ್ತೆ.

ಕನ್ನಡ ಓದು ಎಡವೋ ಜಾಗಗಳು

ಮೂಲಾಕ್ಷರ 49 ಅಂತ ನಾವು ಸಲೀಸಾಗಿ ಹೇಳ್ತೀವಿ. ಆದರೆ 34 ವ್ಯಂಜನಕ್ಕೂ ಕಾಗುಣಿತ ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ಐನೂರು ದಾಟುತ್ತವೆ. ಒತ್ತಕ್ಷರ ಬೇರೆ. ಇಂಗ್ಲಿಷಿನ 26 ಅಕ್ಷರ ಯುಕೆಜಿಯಲ್ಲೇ ಮುಗೀತು, ಕನ್ನಡ ಇನ್ನೂ ಮುಗಿದಿಲ್ಲ ಅಂತ ಹೋಲಿಸೋದು ಅನ್ಯಾಯ. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತೆ: ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರೋದು ಒಂದೆರಡು ವರ್ಷದ ಮಾತಲ್ಲ, ನಾಲ್ಕನೇ ತರಗತಿವರೆಗೂ ಆ ಕಲಿಕೆ ಎಳೆಯುತ್ತೆ.

ಎಡವೋದು ಮುಖ್ಯವಾಗಿ ಎಲ್ಲಿ? ಗೆ ಮತ್ತು ಗೇ, ಕೊ ಮತ್ತು ಕೋ ಇವುಗಳಲ್ಲಿ. ಒಂದು ದೀರ್ಘದ ಗುರುತಿಗೆ 'ಕೊಡೆ' ಹೋಗಿ 'ಕೋಡೆ' ಆಗುತ್ತೆ. ಒತ್ತಕ್ಷರದಲ್ಲಿ ಕೆಳಗಿನ ಅಕ್ಷರ ಮೇಲಿನ ಅಕ್ಷರದ ರೂಪದಲ್ಲೇ ಇರಲ್ಲ. ತ, ಮ, ನ, ಯ, ರ ಇವುಗಳ ಒತ್ತು ನೋಡಿ, ಮೂಲ ಅಕ್ಷರಕ್ಕೂ ಅದಕ್ಕೂ ಸಂಬಂಧವೇ ಕಾಣಲ್ಲ. ಎಲ್ಲಕ್ಕಿಂತ ತೊಂದರೆ ಕೊಡೋದು ಅರ್ಕಾವತ್ತು. 'ಕರ್ನಾಟಕ' ಅನ್ನುವಾಗ ಬಾಯಲ್ಲಿ ರ್ ಮೊದಲು ಬರುತ್ತೆ, ಬರವಣಿಗೆಯಲ್ಲಿ ಅದರ ಗುರುತು ನಾ ಆದ ಮೇಲೆ ಕೂರುತ್ತೆ. ಮಗು ಕಣ್ಣಿಗೆ ಕಂಡ ಹಾಗೆ ಓದಿದರೆ ಅದು ದಡ್ಡತನ ಅಲ್ಲ, ಕಂಡದ್ದನ್ನೇ ಓದಿದೆ. (ಊರಿನ ಫ್ಲೆಕ್ಸ್ ಬೋರ್ಡುಗಳಲ್ಲಿ ದೊಡ್ಡವರೇ ಹಾಕಿಸಿರೋ ಅರ್ಕಾವತ್ತುಗಳನ್ನ ನೋಡಿದರೆ ಮಕ್ಕಳ ಮೇಲೆ ಸಿಟ್ಟು ಬರಲ್ಲ.)

ಇನ್ನೊಂದು ನಮ್ಮ ಕಡೆಯ ಮಾತಿನ ತೊಡಕು. ಮನೇಲಿ ನಾವು 'ಅಳ್ಳಿ', 'ಆಲು', 'ಊವು' ಅಂತೀವಿ, ಪುಸ್ತಕದಲ್ಲಿ ಹಳ್ಳಿ, ಹಾಲು, ಹೂವು. ಸ-ಶ, ಅಲ್ಪಪ್ರಾಣ-ಮಹಾಪ್ರಾಣ ಕೂಡ ಹೀಗೇ. ಹಾಡಿಯ ಜೇನುಕುರುಬ ಮಗು ಮನೇಲಿ ಆಡೋದು ತನ್ನದೇ ನುಡಿ. ಕೇರಳ ಗಡಿಯ ಕಡೆ ಮಲಯಾಳ ಆಡೋ ಮನೆಗಳಿವೆ, ಪೇಟೆಯಲ್ಲಿ ಉರ್ದು. ಆ ಮಕ್ಕಳು ಅಕ್ಷರದ ಜೊತೆಗೆ ಪದವನ್ನೂ ಹೊಸದಾಗಿ ಕಲಿಯಬೇಕು. ಒಳ್ಳೆ ಟೀಚರ್ ಮಾಡೋದು ಒಂದೇ: ಮೊದಲು ಮಗುವಿನ ಮಾತನ್ನ ಒಪ್ಪಿಕೊಂಡು, ನಿಮ್ಮನೇಲಿ ಇದಕ್ಕೆ ಏನಂತೀರಿ ಅಂತ ಕೇಳಿ, ಆಮೇಲೆ ಪುಸ್ತಕದ ಪದ ಕೊಡೋದು. ಎಲ್ಲರ ಎದುರು 'ಅದು ಆಲಲ್ಲ, ಹಾಲು' ಅಂತ ನಾಲ್ಕು ಸಲ ಗದರಿಸಿಕೊಂಡ ಮಗು ಐದನೇ ಸಲ ಬಾಯೇ ಬಿಡಲ್ಲ. ಬಾಯಿ ಬಿಡದ ಮಗುವಿಗೆ ಓದಿಸೋದು ಹೇಗೆ?

ಓದು ಬಿಟ್ಟು ಮಿಕ್ಕಿದ್ದು

1ರಿಂದ 3ರವರೆಗೆ ಕನ್ನಡದ ಜೊತೆ ಗಣಿತ ಮತ್ತು ಪರಿಸರ ಅಧ್ಯಯನ ಇದೇ ಕಾರ್ಡು-ಏಣಿ ರೀತಿಯಲ್ಲಿ ನಡೆಯುತ್ತವೆ. ಬೆಳಗ್ಗೆ ಮಕ್ಕಳೇ ಹವಾಮಾನ ನಕ್ಷೆಯಲ್ಲಿ ಮೋಡ, ಬಿಸಿಲು, ಮಳೆ ಗುರುತು ಹಾಕುತ್ತಾರೆ. ಬರೆದದ್ದು, ಬಿಡಿಸಿದ್ದು 'ಕಲಿಕಾ ಚಪ್ಪರ'ದ ದಾರಕ್ಕೆ ನೇತುಬೀಳುತ್ತೆ. ಇಂಗ್ಲಿಷ್ ಒಂದು ಭಾಷೆಯಾಗಿ 2007-08ರಿಂದ ಒಂದನೇ ತರಗತಿಯಿಂದಲೇ ಇದೆ, ಸರ್ಕಾರಿ ಶಾಲೇಲಿ ಇಂಗ್ಲಿಷೇ ಇಲ್ಲ ಅನ್ನೋದು ಹಳೇ ಮಾತು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ 'ಸಂಭ್ರಮ ಶನಿವಾರ', ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ. ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ತಯಾರಾಗೋ ಮಗು ಓದಿನಲ್ಲೂ ಮುಂದೆ ಬರೋದನ್ನ ಶಿಕ್ಷಕರು ಹೇಳುತ್ತಾರೆ. ಅದರಲ್ಲಿ ಆಶ್ಚರ್ಯ ಇಲ್ಲ, ಕಥೆ ಗೊತ್ತಿರೋ ಮಗುವಿಗೆ ಮುಂದಿನ ಸಾಲಲ್ಲಿ ಏನಿರಬಹುದು ಅನ್ನೋ ಅಂದಾಜು ಇರುತ್ತೆ.

ನಾಲ್ಕನೇ ಕ್ಲಾಸಿನ ಹಳ್ಳ

ಈಗ ನಿಜವಾದ ಚಿಂತೆಗೆ ಬರೋಣ. ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತೆ. ನಾಲ್ಕರಲ್ಲಿ ಒಂದೇ ಸಲ ಎಲ್ಲ ವಿಷಯಕ್ಕೂ ದಪ್ಪ ಪಠ್ಯಪುಸ್ತಕ, ಉದ್ದ ಪಾಠ, ಪ್ರಶ್ನೋತ್ತರ. ಅಲ್ಲಿವರೆಗೆ ಮಗು ಓದೋಕೆ ಕಲಿತಿದೆ ಅಂತ ಪುಸ್ತಕ ಬರೆದವರು ಅಂದುಕೊಂಡಿರುತ್ತಾರೆ. ಇನ್ನೂ ಅಕ್ಷರ ಅಕ್ಷರ ಕೂಡಿಸಿ ಓದೋ ಮಗುವಿಗೆ ಸಾಲಿನ ಕೊನೆಗೆ ಬರೋ ಹೊತ್ತಿಗೆ ಸಾಲಿನ ಮೊದಲು ಏನಿತ್ತು ಅನ್ನೋದು ಮರೆತಿರುತ್ತೆ. ಆಗ ಕನ್ನಡ ಮಾತ್ರ ಅಲ್ಲ, ಗಣಿತದ ಲೆಕ್ಕವೂ ಅರ್ಥ ಆಗಲ್ಲ, ಪರಿಸರದ ಪಾಠವೂ ಇಲ್ಲ. ಆರನೇ ತರಗತಿಗೆ ವಿಜ್ಞಾನ, ಸಮಾಜ ಬೇರೆಯಾಗಿ ಬಂದಾಗ ಆ ಮಗು ಕೈಚೆಲ್ಲುತ್ತೆ.

ಪದ್ಧತಿ ಚೆನ್ನಾಗಿದ್ದೂ ಹೀಗಾಗೋದು ಯಾಕೆ? ನಲಿ-ಕಲಿ ನಡೆಯಬೇಕಾದರೆ ಟೀಚರ್ ದಿನಾ ಕೋಣೆಯಲ್ಲಿರಬೇಕು, ಒಂದೊಂದು ಮಗು ಯಾವ ಮೆಟ್ಟಿಲಲ್ಲಿದೆ ಅಂತ ಗೊತ್ತಿರಬೇಕು. ಇಬ್ಬರೇ ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಸಭೆಗೋ, ಮತದಾರರ ಪಟ್ಟಿ ಕೆಲಸಕ್ಕೋ ಹೋದರೆ ಉಳಿದವರ ಪಾಲಿಗೆ ಐದೂ ತರಗತಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬೋದು ಬೇರೆ. ಆ ದಿನ ತಟ್ಟೆಗಳೂ ಇಲ್ಲ, ಕಾರ್ಡೂ ಇಲ್ಲ, ಬೋರ್ಡ್ ಮೇಲೆ ಬರೆದದ್ದನ್ನ ನೋಡಿ ಬರೆಯೋದು. ಅಂಥ ದಿನಗಳು ಹೆಚ್ಚಾದ ಶಾಲೆಯಲ್ಲಿ ಮಗು ಮೆಟ್ಟಿಲು ಹತ್ತಿರೋದಿಲ್ಲ, ತರಗತಿ ಮಾತ್ರ ಹತ್ತಿರುತ್ತೆ. ಇನ್ನು ಕಾರ್ಡು ಹರಿದುಹೋಗಿ ಸೆಟ್ ಅರೆಬರೆ ಇದ್ದರೆ ಏಣಿಯ ನಡುವಿನ ಮೆಟ್ಟಿಲೇ ಮುರಿದ ಹಾಗೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯ ಅಲ್ಲ. 4 ಮತ್ತು 5ನೇ ತರಗತಿಯಲ್ಲಿ ಹಿಂದೆ ಉಳಿದವರನ್ನ ತರಗತಿ ಲೆಕ್ಕದಲ್ಲಿ ಕೂರಿಸದೆ ಓದಿನ ಮಟ್ಟದ ಲೆಕ್ಕದಲ್ಲಿ ಗುಂಪು ಮಾಡಿ ಕಲಿಸೋ 'ಓದು ಕರ್ನಾಟಕ' ಬಂತು. ಕೊರೊನಾದಲ್ಲಿ ಶಾಲೆ ಮುಚ್ಚಿದ ನಷ್ಟಕ್ಕೆ 2022-23ರಲ್ಲಿ 'ಕಲಿಕಾ ಚೇತರಿಕೆ' ಮಾಡಿದರು. ವರ್ಷದ ಮೊದಲಿಗೆ ಸೇತುಬಂಧ ಇದ್ದೇ ಇದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಪ್ರಕಾರ 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸೋ ಪ್ರತಿ ಮಗು ಅರ್ಥ ಮಾಡಿಕೊಂಡು ಓದಬೇಕು. ಅದರಲ್ಲಿ ಮೂರನೇ ತರಗತಿಗೆ ಹೇಳಿರೋ ವೇಗ ನಿಮಿಷಕ್ಕೆ 60 ಪದ. ಈ ಲೆಕ್ಕ ಕನ್ನಡಕ್ಕೆ ಹಾಗೇ ಒಗ್ಗಲ್ಲ ಅನ್ನೋದು ನಮ್ಮ ಅನಿಸಿಕೆ. 'ಮನೆಯಲ್ಲಿದ್ದವರಿಗೆಲ್ಲ' ಅನ್ನೋದು ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಅದು ನಾಲ್ಕೈದು. ವೇಗ ಸ್ವಲ್ಪ ಕಮ್ಮಿ ಇದ್ದರೆ ಗಾಬರಿ ಬೇಡ. ಓದಿದ್ದು ತಲೆಗೆ ಹೋಗಿದೆಯಾ ಅನ್ನೋದು ಮುಖ್ಯ.

ಮನೆಯಲ್ಲೇ ಹತ್ತು ನಿಮಿಷದ ಪರೀಕ್ಷೆ

ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ನಡೆಸೋ ಅಸರ್ ಸಮೀಕ್ಷೆಯಲ್ಲಿ ಓದು ನೋಡೋಕೆ ಒಂದೇ ಹಾಳೆ ಸಾಕು. ಅದರಲ್ಲಿ ಬಿಡಿ ಅಕ್ಷರ, ಸುಲಭದ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ ಇರುತ್ತೆ. ಅದೇ ರೀತಿ ನೀವೂ ಮಾಡಬಹುದು. ಓದು ಬರದ ಅಪ್ಪ-ಅಮ್ಮ ಆದರೆ ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯನ್ನ ಕೂರಿಸಿಕೊಳ್ಳಿ.

ಮಗುವಿನ ಸ್ವಂತ ಪುಸ್ತಕ ಬೇಡ. ಅದು ಬಾಯಿಪಾಠ ಆಗಿರುತ್ತೆ, ಪುಸ್ತಕ ಮುಚ್ಚಿದರೂ ಪುಟ ಪೂರ್ತಿ ಹೇಳೋ ಮಕ್ಕಳಿದ್ದಾರೆ. ಮಗು ನೋಡಿರದ ಯಾವುದಾದರೂ ಕಥೆ ಪುಸ್ತಕ ತಗೊಳ್ಳಿ. ಚಿತ್ರದ ಮೇಲೆ ಕೈ ಇಡಿ. ನಾಲ್ಕು ಸಾಲು ಓದಿಸಿ. ತಪ್ಪಿದಾಗ ತಕ್ಷಣ ತಿದ್ದಬೇಡಿ, ಅದೇ ತಿರುಗಿ ಓದಿಕೊಳ್ಳುತ್ತಾ ನೋಡಿ. ಮುಗಿದ ಮೇಲೆ ಪುಸ್ತಕ ತೆಗೆದಿಟ್ಟು, ಏನಾಯ್ತು ಅದರಲ್ಲಿ ಅಂತ ಕೇಳಿ. ಮನೆ ಮಾತಲ್ಲೇ ಹೇಳಲಿ.

ಮೂರನೇ ತರಗತಿ ಮುಗಿಸೋ ಮಗು ಪುಟ್ಟ ಕಥೆ ಓದಿ ಹೇಳಿದರೆ ನೆಮ್ಮದಿಯಾಗಿರಿ, ಅ ಆ ಇ ಈ ಕ್ರಮ ತಪ್ಪಿದರೂ ಪರವಾಗಿಲ್ಲ. ಪದದ ಹತ್ತಿರವೇ ನಿಂತಿದ್ದರೆ ಆ ವಾರವೇ ಶಾಲೆಗೆ ಹೋಗಿ. ಏಪ್ರಿಲ್‌ವರೆಗೆ ಕಾಯಬೇಡಿ. ಒಂದು ವೇಳೆ ಪುಸ್ತಕ ಮುಖಕ್ಕೆ ಹತ್ತಿರ ಹಿಡಿದರೆ, ಮೊದಲು ಕಣ್ಣು ತೋರಿಸಿ. ಎಷ್ಟೋ ಮಕ್ಕಳಿಗೆ ಬೇಕಾಗಿರೋದು ಟ್ಯೂಷನ್ ಅಲ್ಲ, ಕನ್ನಡಕ.

ಶಾಲೆಯಲ್ಲಿ ಕೇಳೋದೇನು

'ಏನ್ ಮೇಷ್ಟ್ರೇ, ನಮ್ ಹುಡ್ಗ ಹೆಂಗವನೆ?' ಅಂತ ಕೇಳಿದರೆ 'ಚೆನ್ನಾಗವನೆ' ಅನ್ನೋ ಉತ್ತರವೇ ಬರೋದು. ಹಾಗೆ ಕೇಳಬೇಡಿ. ಕನ್ನಡದಲ್ಲಿ ಎಷ್ಟನೇ ಮೈಲಿಗಲ್ಲು ಮುಗಿದಿದೆ, ಎರಡು ತಿಂಗಳ ಹಿಂದೆ ಎಲ್ಲಿತ್ತು, ಈಗ ಯಾವ ತಟ್ಟೆಯಲ್ಲಿ ಕೂರ್ತಾನೆ ಅಂತ ಕೇಳಿ. ಪ್ರಗತಿ ನೋಟ ತೋರಿಸಿ ಅನ್ನಿ. ದಿನಾ ತರಗತಿ ನಡೆಸೋ ಟೀಚರ್‌ಗೆ ಈ ಪ್ರಶ್ನೆ ಭಾರ ಅಲ್ಲ, ಖುಷಿಯೇ ಆಗುತ್ತೆ. ಕಾರ್ಡಿನ ಸೆಟ್ ಪೂರ್ತಿ ಇದೆಯಾ, ಶಿಕ್ಷಕರು ಹೊರಗಿನ ಕೆಲಸಕ್ಕೆ ಎಷ್ಟು ದಿನ ಹೋದರು ಅನ್ನೋದು ಎಸ್‌ಡಿಎಂಸಿ ಸಭೆಯಲ್ಲಿ ಎತ್ತಬೇಕಾದ ವಿಷಯ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು. ಸಭೆ ಬರೀ ಬಣ್ಣ, ಕಾಂಪೌಂಡು, ಧ್ವಜಾರೋಹಣದ ಸಿಹಿಯಲ್ಲೇ ಮುಗಿಯೋದು ಬೇಡ.

ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದ ಬಗ್ಗೆಯೂ ಕೇಳಿ. ಇಲಾಖೆಯಿಂದ ಬಂದ ಕಥೆ ಪುಸ್ತಕ ಕಳೆದರೆ ಲೆಕ್ಕ ಯಾರು ಕೊಡೋದು ಅನ್ನೋ ಭಯಕ್ಕೆ ಅವು ಹೊರಗೇ ಬರದ ಶಾಲೆಗಳಿವೆ. ಆ ಭಯ ಸುಳ್ಳಲ್ಲ, ಪಾಪ ಶಿಕ್ಷಕರ ಮೇಲೇ ಬರುತ್ತೆ. ಹರಿದ, ಕಳೆದ ಪುಸ್ತಕಕ್ಕೆ ಶಿಕ್ಷಕರನ್ನ ಹೊಣೆ ಮಾಡಲ್ಲ ಅಂತ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದು ಸಹಿ ಹಾಕಿದರೆ ಅವರಿಗೆ ಧೈರ್ಯ ಬಂದು ಬೀಗ ತೆಗೆಯಬಹುದು.

ಅಂಗಡಿಯವರಿಗೂ ಒಂದು ಕೆಲಸ

ಸಂಜೆ ಸಾಮಾನಿನ ಚೀಟಿ ಹಿಡಿದು ಮಗು ಅಂಗಡಿಗೆ ಬರುತ್ತೆ. ನಾವು ಚೀಟಿ ಕಿತ್ತುಕೊಂಡು ನಾವೇ ಓದಿ ಸಾಮಾನು ಕಟ್ಟುತ್ತೇವೆ. ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ 'ನೀನೇ ಓದವ್ವ, ಏನೇನು ಬೇಕು' ಅನ್ನಿ. ಬೆಲ್ಲ, ತೊಗರಿಬೇಳೆ, ಎಣ್ಣೆ — ಒಂದು ಚೀಟಿಯಲ್ಲಿ ಕಾಗುಣಿತವೂ ಇದೆ, ಒತ್ತಕ್ಷರವೂ ಇದೆ. ಡಬ್ಬಗಳ ಮೇಲೆ ಕನ್ನಡದಲ್ಲಿ ಹೆಸರು, ದರ ದಪ್ಪಗೆ ಬರೆದು ಅಂಟಿಸಿದರೆ ಇನ್ನೂ ಒಳ್ಳೇದು. ಕಾಗುಣಿತ ಸರಿ ಇರಲಿ, ಮಕ್ಕಳು ನೋಡ್ತಾರೆ.

ಕಥೆ ಪುಸ್ತಕ ಎಲ್ಲಿ ತರೋದು ಅನ್ನೋರಿಗೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡೋ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರ್ 14ರಂದು ಶುರುವಾಯಿತು. ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತೆ, ಮಗುವನ್ನ ಕರೆದುಕೊಂಡು ಹೋಗಿ ಹೆಸರು ಬರೆಸಿ. ಮೊಬೈಲ್ ಇದ್ದವರು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನ ದುಡ್ಡು ಕೊಡದೆ ಓದಿಸಬಹುದು. ಓದಿನ ಮಟ್ಟದ ಮೇಲೆ ಅವನ್ನ ವಿಂಗಡಿಸಿದ್ದಾರೆ. ಒಂದನೇ ಹಂತದ್ದರಲ್ಲಿ ಪುಟಕ್ಕೆ ಒಂದೆರಡೇ ಸಾಲು, ಅಲ್ಲಿಂದ ಶುರು ಮಾಡಿ.